ಚಿತ್ರಕಾರನ ಪ್ರವಾಸ ಹಸ್ತಪ್ರತಿ: ಗೆಂದುನ್ ಚೋಪೆಲ್ ಮತ್ತು ಮುಂಡಗೋಡ ಸೀಮೆ

ಚಿತ್ರ ಬರೆಯಬಲ್ಲ ಪ್ರವಾಸಿಯೊಬ್ಬ ದಾರಿಯಲ್ಲಿ ಕಂಡದ್ದನ್ನು ಅಕ್ಷರದಲ್ಲೂ ರೇಖೆಯಲ್ಲೂ ತನ್ನ ಕೈಯಿಂದಲೇ ದಾಖಲಿಸಿಟ್ಟ ಬರಹ ಚಿತ್ರಕಾರನ ಪ್ರವಾಸ ಹಸ್ತಪ್ರತಿ. ಇದನ್ನು ಪ್ರವಾಸ ಸಾಹಿತ್ಯದ ಒಂದು ಬಗೆಯೆಂದು ಓದುವುದು ರೂಢಿ. ಆದರೆ ಇದು ಮೊದಲಿಗೆ ಒಂದು ವಸ್ತು. ಕಾಗದದ ನಾರು, ಮಸಿಯ ಬಗೆ, ಹಾಳೆಗಳ ಅನುಕ್ರಮ, ಹೊಡೆದುಹಾಕಿದ ಸಾಲು, ಅಂಚಿನಲ್ಲಿ ಸೇರಿಸಿದ ಮಾತು, ಪಕ್ಕದಲ್ಲಿ ಬಿಡಿಸಿದ ಎಲೆ ಅಥವಾ ಮುಖ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಅದು ಸಾಗಿದ ದಾರಿ ಇವೆಲ್ಲ ಆ ವಸ್ತುವಿನ ಭಾಗಗಳು. ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡ ತಾಲ್ಲೂಕುಗಳು ಈ ವಿಷಯವನ್ನು ಪರಿಶೀಲಿಸಲು ತಕ್ಕ ನೆಲ. ಭಾರತದ ಪ್ರವಾಸವನ್ನು ಸಚಿತ್ರವಾಗಿ ಬರೆದ ಟಿಬೆಟಿನ ಚಿತ್ರಕಾರ ಗೆಂದುನ್ ಚೋಪೆಲ್ ಓದಿದ ವಿಹಾರ ಈಗ ಮುಂಡಗೋಡದ ಬಳಿ ನೆಲೆಸಿದೆ. ಹಳಿಯಾಳ, ದಾಂಡೇಲಿ ಕಾಡುಗಳ ಬಿದಿರು ದಶಕಗಳ ಕಾಲ ಕಾಗದವಾಗಿ ಹೊರಟಿದೆ. ಜೋಯಿಡಾದ ಉಳವಿ, ಊರು ತೊರೆದು ಬಂದವರು ವಚನದ ಕಟ್ಟುಗಳನ್ನು ಕಾಪಾಡಿದರೆಂಬ ನಂಬಿಕೆಯ ಕ್ಷೇತ್ರ. ಇವುಗಳನ್ನು ಒಟ್ಟಿಗೆ ನೋಡಿದಾಗ ಒಂದು ವಿಚಾರ ಸ್ಪಷ್ಟವಾಗುತ್ತದೆ: ಪ್ರತಿ ಮಾಡಿಕೊಂಡರೆ ಮಾತು ಉಳಿಯುತ್ತದೆ, ಆ ಮಾತು ಹೇಗೆ ಹುಟ್ಟಿತು ಎಂಬುದಕ್ಕೆ ಸಾಕ್ಷಿ ಮೂಲ ಹಾಳೆಯಲ್ಲಿ ಮಾತ್ರ ಉಳಿಯುತ್ತದೆ. ಚಿತ್ರವೂ ಬರಹವೂ ಕೂಡಿರುವ ಪ್ರವಾಸ ಹಸ್ತಪ್ರತಿಯಲ್ಲಿ ಈ ವ್ಯತ್ಯಾಸ ಬೇರೆಲ್ಲ ಬಗೆಯ ಬರಹಗಳಿಗಿಂತ ಹೆಚ್ಚು.

ಹಿನ್ನೆಲೆ

ಇಂಥ ಹಸ್ತಪ್ರತಿಗಳು ಹಲವು ದೇಶಗಳಲ್ಲಿವೆ. ಫ್ರಾನ್ಸಿನ ದೆಲಾಕ್ರವಾ 1832ರಲ್ಲಿ ಮೊರಾಕ್ಕೊಗೆ ಹೋದಾಗ ಪುಟ್ಟ ಪುಸ್ತಕಗಳಲ್ಲಿ ಟಿಪ್ಪಣಿಯನ್ನೂ ಜಲವರ್ಣವನ್ನೂ ಒಂದೇ ಹಾಳೆಯ ಮೇಲೆ ಬರೆದರು. ಅವರ ಮರಣಾನಂತರ ಆ ಪುಸ್ತಕಗಳು ಚದುರಿ, ಉಳಿದವು ಲೂವ್ರ್ ಮತ್ತು ಶಾಂತಿಯಿ ಸಂಗ್ರಹಾಲಯಗಳಲ್ಲಿವೆ. ಇಂಗ್ಲೆಂಡಿನ ಎಡ್ವರ್ಡ್ ಲಿಯರ್ 1873ರಿಂದ 1875ರವರೆಗೆ ಭಾರತವನ್ನು ಸುತ್ತಿ ಬರೆದ ದಿನಚರಿ ಹಾರ್ವರ್ಡ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ. ನಂದಲಾಲ್ ಬೋಸ್ ಹೋದಲ್ಲಿಂದ ಅಂಚೆ ಕಾರ್ಡುಗಳ ಮೇಲೆ ಚಿತ್ರ ಬರೆದು ಕಳಿಸುತ್ತಿದ್ದರು. ಕಲ್ಕತ್ತೆಯಲ್ಲಿ ಅವರ ಸಹಪಾಠಿಯಾಗಿದ್ದ ಮೈಸೂರಿನ ಕೆ. ವೆಂಕಟಪ್ಪನವರು ಊಟಿ ಮತ್ತು ಕೊಡೈಕೆನಾಲಿನ ಬೆಟ್ಟಗಳನ್ನು ಜಲವರ್ಣದಲ್ಲಿ ಬರೆದರು, ದಿನಚರಿಯನ್ನೂ ಇಟ್ಟರು. ಈ ಎಲ್ಲ ಉದಾಹರಣೆಗಳಲ್ಲೂ ಬರಹ ಮತ್ತು ಚಿತ್ರಗಳ ನಡುವಿನ ಅಂತರ ಒಂದೇ ಅಲ್ಲ. ದೆಲಾಕ್ರವಾ ಹಾಳೆಯಲ್ಲಿ ಎರಡೂ ಒಂದರ ಮೇಲೊಂದು ಬರುತ್ತವೆ. ವೆಂಕಟಪ್ಪನವರಲ್ಲಿ ದಿನಚರಿ ಬೇರೆ, ಚಿತ್ರ ಬೇರೆ. ಈ ಅಂತರವನ್ನು ಅಳೆಯಬೇಕಾದರೆ ಮೂಲವನ್ನೇ ನೋಡಬೇಕು. ಅಚ್ಚಾದ ಪುಸ್ತಕ ಎರಡನ್ನೂ ತನ್ನ ಪುಟದ ಅನುಕೂಲಕ್ಕೆ ತಕ್ಕಂತೆ ಹೊಸದಾಗಿ ಜೋಡಿಸಿರುತ್ತದೆ.

ಗೆಂದುನ್ ಚೋಪೆಲ್

ಗೆಂದುನ್ ಚೋಪೆಲ್ (1903–1951) ಟಿಬೆಟಿನ ಈಶಾನ್ಯ ಭಾಗವಾದ ಆಮ್ದೊದಲ್ಲಿ ಹುಟ್ಟಿ, ಲಬ್ರಾಂಗ್ ವಿಹಾರದಲ್ಲಿ ಓದಿ, 1920ರ ದಶಕದ ಕೊನೆಗೆ ಲಾಸಾದ ಡ್ರೆಪುಂಗ್ ಮಹಾವಿಹಾರದ ಗೋಮಾಂಗ್ ಶಾಲೆ ಸೇರಿದರು. ತರ್ಕದಲ್ಲಿ ಹೆಸರಾದ ಅವರು ಚಿತ್ರ ಬರೆದು ಜೀವನ ಸಾಗಿಸುತ್ತಿದ್ದರು. 1934ರಲ್ಲಿ ಲಾಸಾಕ್ಕೆ ಬಂದ ರಾಹುಲ ಸಾಂಕೃತ್ಯಾಯನರು ಟಿಬೆಟಿನ ವಿಹಾರಗಳಲ್ಲಿ ಸಂಸ್ಕೃತದ ತಾಳೆಗರಿ ಗ್ರಂಥಗಳನ್ನು ಹುಡುಕುತ್ತಿದ್ದಾಗ ಗೆಂದುನ್ ಅವರು ರಾಹುಲರ ಜೊತೆಯಾದರು. ಹಾಗೆ ಹೊರಟವರು ನೇಪಾಳದ ಮಾರ್ಗವಾಗಿ ಭಾರತಕ್ಕೆ ಬಂದು ಸುಮಾರು ಹನ್ನೆರಡು ವರ್ಷ ಭಾರತ ಮತ್ತು ಶ್ರೀಲಂಕಾಗಳಲ್ಲಿ ಕಳೆದರು. ಸಂಸ್ಕೃತ ಕಲಿತರು, ಕುಲ್ಲುವಿನಲ್ಲಿ ಜಾರ್ಜ್ ರೋರಿಕ್‌ರ ಅನುವಾದಕ್ಕೆ ನೆರವಾದರು, ಕಾಲಿಂಪಾಂಗಿನ ಟಿಬೆಟನ್ ಪತ್ರಿಕೆ ‘ಮೆಲೋಂಗ್’ಗೆ ಬರೆದರು, ಬೌದ್ಧ ಕ್ಷೇತ್ರಗಳಿಗೆ ರೈಲಿನಲ್ಲಿ ಹೋಗುವ ಟಿಬೆಟನ್ ಯಾತ್ರಿಕರಿಗಾಗಿ ಮಾರ್ಗದರ್ಶಿಯೊಂದನ್ನು ರಚಿಸಿದರು. ಈ ಎಲ್ಲ ತಿರುಗಾಟದ ಫಲ ‘ಚಿನ್ನದ ಕಣಗಳು’ ಎಂಬ ಅರ್ಥದ ಹೆಸರಿನ ದೊಡ್ಡ ಹಸ್ತಪ್ರತಿ. ಲಾಸಾದಿಂದ ಹೊರಟ ಕಥೆಯಿಂದ ಮೊದಲಾಗಿ ಊರುಗಳು, ಜನರ ಊಟ ಉಡುಗೆ, ಗಿಡಮರಗಳು, ಲಿಪಿಗಳು, ಅಶೋಕನ ಗಿರನಾರ್ ಶಾಸನ, ಗುಪ್ತರು, ಪಾಲರು, ಸಿಂಹಳದ ಇತಿಹಾಸ ಇವೆಲ್ಲ ಹದಿನೇಳು ಅಧ್ಯಾಯಗಳಲ್ಲಿ ಹರಡಿಕೊಂಡಿವೆ. ಜೊತೆಗೆ ಅವರದೇ ಕೈಯ ರೇಖಾಚಿತ್ರಗಳಿವೆ. 1941ರಲ್ಲಿ ಅವರು ಈ ಹಸ್ತಪ್ರತಿಯನ್ನು ಹಡಗು, ರೈಲು ಮತ್ತು ಯಾಕ್‌ಗಳ ಮೂಲಕ ಬೆಟ್ಟ ಮರುಭೂಮಿಗಳನ್ನು ದಾಟಿಸಿ ತಮ್ಮ ಹುಟ್ಟುನಾಡಿಗೆ ಕಳಿಸಿದರು. ಐದು ವರ್ಷಗಳ ನಂತರ ತಾವೂ ಟಿಬೆಟಿಗೆ ಮರಳಿದರು. 1946ರಲ್ಲಿ ಲಾಸಾ ಸರ್ಕಾರ ಅವರನ್ನು ಬಂಧಿಸಿ, ಕೋಣೆಯಲ್ಲಿದ್ದ ಕಾಗದಪತ್ರಗಳನ್ನು ವಶಕ್ಕೆ ತೆಗೆದುಕೊಂಡಿತು. ಸುಮಾರು ಮೂರು ವರ್ಷ ಸೆರೆಯಲ್ಲಿದ್ದು ಹೊರಬಂದ ಅವರು 1951ರಲ್ಲಿ ತೀರಿಕೊಂಡರು. ಪ್ರಾಚೀನ ಟಿಬೆಟಿನ ಇತಿಹಾಸದ ಬಗ್ಗೆ ಅವರು ಬರೆಯುತ್ತಿದ್ದ ಇನ್ನೊಂದು ಕೃತಿ ಅರ್ಧಕ್ಕೇ ನಿಂತಿತು.

ಇಲ್ಲಿ ಗಮನಿಸಬೇಕಾದ ಸಂಗತಿ ಎಂದರೆ ಒಬ್ಬನೇ ಲೇಖಕನ ಕಾಗದಗಳಿಗೆ ಎರಡು ಬೇರೆ ಗತಿ ಒದಗಿತು. ಲೇಖಕನನ್ನು ಬಿಟ್ಟು ಮುಂಚೆಯೇ ಊರಿಗೆ ಹೊರಟ ಹಸ್ತಪ್ರತಿಯ ಪಾಠ ಉಳಿಯಿತು. ಲೇಖಕನ ಜೊತೆಗಿದ್ದ ಕಾಗದಗಳು ಅಧಿಕಾರಿಗಳ ಕೈಸೇರಿದವು. ಹೀಗಿರುವಾಗ ಕೃತಿಯ ಉಳಿವನ್ನು ಅದರ ಸಾಹಿತ್ಯಗುಣ ನಿರ್ಧರಿಸಿತೆಂದು ಹೇಳಲಾಗದು. ಯಾವ ಕಟ್ಟು ಯಾವಾಗ ಎಲ್ಲಿತ್ತು, ಯಾರ ಹೊರೆಯಲ್ಲಿ ಸಾಗಿತು ಎಂಬ ಲೌಕಿಕ ವಿವರಗಳೇ ಅದನ್ನು ನಿರ್ಧರಿಸಿದವು. ಅನಂತರದ ಕಥೆಯೂ ಇದನ್ನೇ ಹೇಳುತ್ತದೆ. ಅವರ ಬರಹಗಳು 1990ರಲ್ಲಿ ಲಾಸಾದಿಂದ ಮೂರು ಸಂಪುಟಗಳಾಗಿ ಅಚ್ಚಾದವು. ಅವರ ಕೈಯ ಜಲವರ್ಣಗಳು ಮತ್ತು ಪೆನ್ಸಿಲ್ ರೇಖಾಚಿತ್ರಗಳು 2013ರಲ್ಲಿ ನ್ಯೂಯಾರ್ಕಿನ ಟಿಬೆಟನ್ ಗ್ರಂಥಾಲಯವೊಂದರ ಪ್ರಯತ್ನದಿಂದ ಪ್ರತ್ಯೇಕ ಪುಸ್ತಕವಾಗಿ ಬಂದವು. ಮರುವರ್ಷ ‘ಚಿನ್ನದ ಕಣಗಳು’ ಕೃತಿಯ ಇಂಗ್ಲಿಷ್ ಅನುವಾದ ಶಿಕಾಗೊ ವಿಶ್ವವಿದ್ಯಾಲಯದಿಂದ ಪ್ರಕಟವಾಯಿತು. ಚಿತ್ರಕಾರ ಮತ್ತು ಲೇಖಕ ಒಬ್ಬನೇ ಆಗಿದ್ದರೂ ಇಂದಿನ ಓದುಗ ಅವರನ್ನು ಎರಡು ಕಪಾಟುಗಳಲ್ಲಿ ಹುಡುಕಬೇಕಾಗಿದೆ.

ಮುಂಡಗೋಡದ ನಂಟು

ಗೆಂದುನ್ ಓದಿದ ಡ್ರೆಪುಂಗ್ ವಿಹಾರ ಲಾಸಾದ ಬಳಿ 1416ರಲ್ಲಿ, ಗಂದೆನ್ ವಿಹಾರ 1409ರಲ್ಲಿ ಸ್ಥಾಪನೆಯಾದವು. 1959ರ ನಂತರ ಭಾರತಕ್ಕೆ ಬಂದ ಇವುಗಳ ಭಿಕ್ಷುಗಳು ಪಶ್ಚಿಮ ಬಂಗಾಳದ ಬುಕ್ಸಾದಲ್ಲಿ ಹಿಂದೆ ಸೆರೆಮನೆಯಾಗಿದ್ದ ಶಿಬಿರದಲ್ಲಿ ವರ್ಷಗಟ್ಟಲೆ ಇದ್ದರು. 1966ರಲ್ಲಿ ಮುಂಡಗೋಡದ ಬಳಿ ದೊಯೆಗುಲಿಂಗ್ ಟಿಬೆಟನ್ ವಸಾಹತು ಆರಂಭವಾಯಿತು. 1970ರ ದಶಕದ ಆರಂಭದ ಹೊತ್ತಿಗೆ ಈ ವಿಹಾರಗಳೂ ಇಲ್ಲಿ ನೆಲೆಗೊಂಡವು. ಊರಿನವರು ಗಂದೆನ್ ಇರುವ ಜಾಗವನ್ನು ಒಂದನೆಯ ಲಾಮಾ ಕ್ಯಾಂಪ್ ಎಂದೂ ಡ್ರೆಪುಂಗ್ ಇರುವ ಜಾಗವನ್ನು ಎರಡನೆಯ ಲಾಮಾ ಕ್ಯಾಂಪ್ ಎಂದೂ ಕರೆಯುತ್ತಾರೆ. ಗೆಂದುನ್ ಸೇರಿದ್ದ ಗೋಮಾಂಗ್ ಶಾಲೆ ಎರಡನೆಯದರಲ್ಲಿದೆ. ಅವರು ಬದುಕಿದ್ದಾಗ ಈ ವಸಾಹತು ಇರಲಿಲ್ಲ, ಹಾಗಿರುವಾಗ ಅವರ ಹಸ್ತಪ್ರತಿಯನ್ನು ಮುಂಡಗೋಡಕ್ಕೆ ಸೇರಿಸುವುದು ಸರಿಯೇ ಎಂದು ಕೇಳಬಹುದು. ವಿಹಾರವೆಂದರೆ ಬರೀ ಕಟ್ಟಡವಾಗಿದ್ದರೆ ಈ ಸಂದೇಹ ನಿಲ್ಲುತ್ತಿತ್ತು. ಆದರೆ ಗೋಮಾಂಗ್ ಎಂಬುದು ಗುರುಶಿಷ್ಯ ಪರಂಪರೆ, ಪಠ್ಯಕ್ರಮ, ವಾದದ ಅಂಗಳ ಮತ್ತು ಗ್ರಂಥಗಳ ಸಂಗ್ರಹ. ಅವೆಲ್ಲ ಜನರೊಂದಿಗೆ ಸಾಗಿ ಬಂದಿವೆ. ಇನ್ನೊಂದು ನೇರವಾದ ಕೊಂಡಿಯೂ ಇದೆ. ‘ಚಿನ್ನದ ಕಣಗಳು’ ಕೃತಿಯನ್ನು ಡೊನಾಲ್ಡ್ ಲೋಪೆಜ್ ಅವರೊಂದಿಗೆ ಇಂಗ್ಲಿಷಿಗೆ ತಂದ ಥುಪ್ತೆನ್ ಜಿನ್ಪಾ ‘ಗೆಶೆ’ ಎಂಬ ವಿದ್ವತ್ ಪದವಿ ಪಡೆದದ್ದು ಇದೇ ಮುಂಡಗೋಡದ ಗಂದೆನ್ ವಿಹಾರದ ಶಾರ್ಚೆ ಶಾಲೆಯಲ್ಲಿ. ಆಮ್ದೊಗೆ ಹೋದ ಹಸ್ತಪ್ರತಿ ಲೋಕದ ಓದುಗರನ್ನು ತಲುಪಿದ ದಾರಿಯಲ್ಲಿ ಉತ್ತರ ಕನ್ನಡದ ಒಂದು ತಾಲ್ಲೂಕೂ ಬರುತ್ತದೆ.

ಹಾಳೆ ಹೇಳುವ ಸಾಕ್ಷಿ

ಮೂಲ ಹಾಳೆಯಲ್ಲಿ ಇರುವುದು ಅಚ್ಚಿನಲ್ಲಿ ಬಾರದೆ ಹೋಗುವುದು ಹೇಗೆ ಎಂಬುದನ್ನು ಗೆಂದುನ್ ಆರಿಸಿಕೊಂಡ ವಿಷಯಗಳೇ ತೋರಿಸುತ್ತವೆ. ಅವರ ಒಂದು ಅಧ್ಯಾಯ ಹೂವು ಮತ್ತು ಮರಗಳನ್ನು ಗುರುತಿಸುವ ಬಗೆಗೆ ಮೀಸಲು. ಟಿಬೆಟಿನ ಕವಿಗಳು ಸಂಸ್ಕೃತ ಕಾವ್ಯದಿಂದ ಬಂದ ಗಿಡಮರಗಳ ಹೆಸರುಗಳನ್ನು ಶತಮಾನಗಳಿಂದ ಬಳಸುತ್ತಿದ್ದರೂ ಅವುಗಳಲ್ಲಿ ಎಷ್ಟೋ ಆ ನಾಡಿನಲ್ಲಿ ಬೆಳೆಯುವಂಥವಲ್ಲ. ಹೆಸರಿಗೆ ಇನ್ನೊಂದು ಹೆಸರನ್ನು ಕೊಟ್ಟರೆ ಓದುಗನ ಅಜ್ಞಾನ ಹಾಗೆಯೇ ಉಳಿಯುತ್ತದೆ. ಎಲೆಯ ಅಂಚು, ದಳಗಳ ಜೋಡಣೆ ಕಣ್ಣಿಗೆ ಕಾಣಬೇಕು. ಇಲ್ಲಿ ಚಿತ್ರ ವಾದದ ಒಂದು ಹೆಜ್ಜೆಯಾಗಿ ಬರುತ್ತದೆ, ಅಲಂಕಾರವಾಗಿ ಅಲ್ಲ. ಲಿಪಿಗಳ ಕುರಿತ ಅಧ್ಯಾಯದಲ್ಲಿ ಇದು ಇನ್ನೂ ಸ್ಪಷ್ಟ. ಪ್ರಾಚೀನ ಅಕ್ಷರವೊಂದು ಹೇಗೆ ಬಾಗಿತು, ಯಾವ ಕಾಲದಲ್ಲಿ ಯಾವ ರೂಪ ತಳೆಯಿತು ಎಂದು ತೋರಿಸುವಾಗ ಬರೆಯುವ ಕೈಯೇ ಪುರಾವೆ. ಅಚ್ಚುಮೊಳೆ ಆ ಅಕ್ಷರವನ್ನು ತನ್ನ ಸಿದ್ಧ ಆಕಾರಕ್ಕೆ ತಿದ್ದಿಬಿಡುತ್ತದೆ. ಕರ್ನಾಟಕದ ಶಾಸನಶಾಸ್ತ್ರ ಈ ತತ್ವವನ್ನು ಬಹಳ ಹಿಂದೆಯೇ ಒಪ್ಪಿಕೊಂಡಿದೆ. ಶಾಸನದ ಪಾಠವನ್ನು ಓದಿ ಅಚ್ಚು ಹಾಕಿದ ಮೇಲೂ ಸಂಶೋಧಕರು ಕಲ್ಲಿನ ಪಡಿಯಚ್ಚನ್ನು ಕೇಳುತ್ತಾರೆ, ಅನುಮಾನ ಬಂದರೆ ಕಲ್ಲಿನ ಬಳಿಗೇ ಹೋಗುತ್ತಾರೆ. 1915ರಲ್ಲಿ ಬೆಳಕಿಗೆ ಬಂದ ಮಸ್ಕಿ ಶಾಸನದಲ್ಲಿ ಅಶೋಕನ ಹೆಸರು ಇದೆ ಎಂಬ ನಿರ್ಣಯ ಅಕ್ಷರಗಳ ಆಕಾರವನ್ನು ಕಣ್ಣಾರೆ ಓದಿದ್ದರ ಫಲ. ಕಲ್ಲಿಗೆ ಕೊಡುವ ಈ ಮರ್ಯಾದೆಯನ್ನು ಕಾಗದಕ್ಕೂ ಕೊಡಬೇಕೆಂಬುದು ಅತಿಯಾದ ಬೇಡಿಕೆ ಅಲ್ಲ.

ಕಾಗದ, ಮಸಿ, ಹವೆ

ಟಿಬೆಟಿನ ಸಾಂಪ್ರದಾಯಿಕ ಗ್ರಂಥಕ್ಕೆ ಪೆಚಾ ಎನ್ನುತ್ತಾರೆ. ಉದ್ದನೆಯ ಕಿರಿದಾದ ಬಿಡಿ ಹಾಳೆಗಳು, ಹೊಲಿಗೆ ಇಲ್ಲ, ಮೇಲೂ ಕೆಳಗೂ ಮರದ ಪಟ್ಟಿ, ಸುತ್ತ ಬಟ್ಟೆ. ಈ ಆಕಾರ ಭಾರತದ ತಾಳೆಗರಿಯಿಂದ ಬಂದದ್ದು. ಓಲೆಗರಿಯ ಕಟ್ಟನ್ನು ಕಂಡ ಕನ್ನಡಿಗರಿಗೆ ಮುಂಡಗೋಡದ ಪೆಚಾ ಹೊಸದೆನಿಸುವುದಿಲ್ಲ. ಟಿಬೆಟಿನ ಕಾಗದವನ್ನು ಸ್ಟೆಲ್ಲೆರಾ ಎಂಬ ಗಿಡದ ಬೇರಿನ ನಾರಿನಿಂದ ಮಾಡುತ್ತಿದ್ದರು. ಗಿಡದಲ್ಲಿ ವಿಷಾಂಶ ಇರುವುದರಿಂದ ಆ ಕಾಗದಕ್ಕೆ ಹುಳು ಹತ್ತುವುದು ಕಡಿಮೆ. ಬರೆಯಲು ಬಿದಿರಿನ ಲೇಖನಿ, ಕಾಡಿಗೆಯ ಮಸಿ. ಕನ್ನಡ ನಾಡಿನಲ್ಲೂ ಬರಹದ ಒಡಲು ಒಂದೇ ಬಗೆಯದಾಗಿರಲಿಲ್ಲ. ಓಲೆಗರಿಯ ಮೇಲೆ ಕಂಠವೆಂಬ ಮೊನೆಯುಳ್ಳ ಲೇಖನಿಯಿಂದ ಕೊರೆದು ಮಸಿ ತುಂಬುತ್ತಿದ್ದರು. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಲಪುಡಿಯನ್ನೂ ಬಳಿದು ಮಡಿಸಿದ ಕಡತದ ಮೇಲೆ ಬಳಪದಿಂದ ಬರೆಯುತ್ತಿದ್ದರು. ಕಡತದ ಬರಹವನ್ನು ಒರೆಸಿ ಮತ್ತೆ ಬರೆಯಬಹುದು. ಓಲೆಯಲ್ಲಿ ಕೊರೆದದ್ದನ್ನು ಹಾಗೆ ಮಾಡಲಾಗದು. ಯಾವ ವಸ್ತುವಿನ ಮೇಲೆ ಬರೆದರು ಎಂಬುದರಿಂದ ಬರೆದವರು ಆ ಮಾತನ್ನು ಎಷ್ಟು ಕಾಲ ಉಳಿಯಲೆಂದು ಬಯಸಿದರು ಎಂಬುದು ತಿಳಿಯುತ್ತದೆ.

ಇಪ್ಪತ್ತನೇ ಶತಮಾನದ ಯಂತ್ರದ ಕಾಗದ ಈ ಲೆಕ್ಕವನ್ನು ಬದಲಿಸಿತು. ದಾಂಡೇಲಿಯಲ್ಲಿ 1955ರಲ್ಲಿ ಸ್ಥಾಪನೆಯಾಗಿ 1959ರಲ್ಲಿ ಉತ್ಪಾದನೆ ಆರಂಭಿಸಿದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಉತ್ತರ ಕನ್ನಡದ ಬಿದಿರನ್ನು ನಂಬಿ ಬೆಳೆಯಿತು. ಬಿದಿರಿನ ಮೆಳೆಗಳು ತೆಳುವಾದಂತೆ ನೀಲಗಿರಿಯಂಥ ನೆಡುತೋಪಿನ ಮರಗಳತ್ತ ತಿರುಗಿತು. ಶಾಲೆಯ ನೋಟ್‌ಬುಕ್ಕು, ಕಚೇರಿಯ ಫೈಲು, ಲೇಖಕರ ದಿನಚರಿ ಇವೆಲ್ಲ ಅಗ್ಗವಾಗಿ ಎಲ್ಲರ ಕೈಗೆ ಬಂದದ್ದು ಇಂಥ ಕಾರ್ಖಾನೆಗಳಿಂದ. ಆದರೆ ಪಟಿಕ ಮತ್ತು ರಾಳ ಬೆರೆಸಿ ಮಾಡಿದ ಯಂತ್ರಕಾಗದದಲ್ಲಿ ಕ್ರಮೇಣ ಆಮ್ಲದ ಅಂಶ ಕೆಲಸ ಮಾಡುತ್ತದೆ. ಮರದ ಲಿಗ್ನಿನ್ ಉಳಿದಿದ್ದರೆ ಹಾಳೆ ಹಳದಿಯಾಗುತ್ತದೆ, ಮಡಿಕೆಯಲ್ಲಿ ಮುರಿಯುತ್ತದೆ. ಬೇರಿನ ನಾರಿನ ಕಾಗದ ಶತಮಾನಗಳನ್ನು ದಾಟಿದರೆ, ಇಂಥ ನೋಟ್‌ಬುಕ್ಕು ಎರಡು ತಲೆಮಾರಿಗೇ ಪುಡಿಯಾಗಬಹುದು. ಇದಕ್ಕೆ ಹವೆ ಸೇರಬೇಕು. ಟಿಬೆಟಿನ ಒಣ ಚಳಿಯಲ್ಲಿ ಭದ್ರವಾಗಿದ್ದ ಕಟ್ಟುಗಳು ಮಲೆನಾಡಿನ ಅಂಚಿಗೆ ಬಂದಾಗ ಮಳೆಗಾಲದ ತೇವ, ಬೂಷ್ಟು, ಗೆದ್ದಲು ಎದುರಾದವು. ಮುಂಡಗೋಡ, ಹಳಿಯಾಳಗಳಿಗಿಂತ ಕ್ಯಾಸಲ್‌ರಾಕ್ ಇರುವ ಜೋಯಿಡಾದಲ್ಲಿ ಮಳೆ ಬಹಳ ಹೆಚ್ಚು. ಅಲ್ಲಿನ ಮನೆಯ ಪೆಟ್ಟಿಗೆಯಲ್ಲಿಟ್ಟ ಕಾಗದಕ್ಕೆ ಒಂದೇ ಮಳೆಗಾಲ ಸಾಕು. ಹೀಗಾಗಿ ಈ ನಾಲ್ಕು ತಾಲ್ಲೂಕುಗಳಲ್ಲಿ ಹಸ್ತಪ್ರತಿಯ ರಕ್ಷಣೆ ಪ್ರತಿ ವರ್ಷದ ದುಡಿಮೆ. ಒಮ್ಮೆ ಬೀಗ ಹಾಕಿ ಮರೆಯುವಂಥದ್ದಲ್ಲ.

ಆಕ್ಷೇಪಗಳು

ಮೂಲ ಹಾಳೆಗೆ ಇಷ್ಟು ಬೆಲೆ ಕೊಡುವುದರ ವಿರುದ್ಧ ಇರುವ ಬಲವಾದ ವಾದ ಜೋಯಿಡಾದ ಉಳವಿಯಿಂದಲೇ ಹುಟ್ಟುತ್ತದೆ. 12ನೇ ಶತಮಾನದಲ್ಲಿ ಕಲ್ಯಾಣದ ಗಲಭೆಯ ನಂತರ ಶರಣರು ವಚನದ ಕಟ್ಟುಗಳನ್ನು ಹೊತ್ತು ಈ ಕಾಡಿಗೆ ಬಂದರೆಂದು ಸಂಪ್ರದಾಯ ಹೇಳುತ್ತದೆ. ಚೆನ್ನಬಸವಣ್ಣನವರ ಸಮಾಧಿ ಉಳವಿಯಲ್ಲಿದೆ. ಆ ಕಾಲದ ವಚನದ ಓಲೆಗರಿ ಒಂದೂ ಇಂದು ಉಳಿದಿಲ್ಲ. ಆದರೂ ವಚನಗಳು ಬದುಕಿವೆ. 15ನೇ ಶತಮಾನದ ಸಂಕಲನಕಾರರು ಅವುಗಳನ್ನು ಜೋಡಿಸಿದರು, ನಂತರದವರು ಪ್ರತಿ ಮಾಡಿದರು, ಫ. ಗು. ಹಳಕಟ್ಟಿಯವರು ಊರೂರು ತಿರುಗಿ ಕಟ್ಟುಗಳನ್ನು ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು. ಮೂಲವಿಲ್ಲದೆಯೂ ಸಾಹಿತ್ಯ ಉಳಿಯುವುದಾದರೆ ಹಾಳೆಯ ಚಿಂತೆ ಏಕೆ? ಈ ವಾದದ ಅರ್ಧ ನಿಜವನ್ನು ಪೂರ್ತಿಯಾಗಿ ಒಪ್ಪಬೇಕು: ಪ್ರತಿಕಾರರಿಲ್ಲದಿದ್ದರೆ ನಮಗೆ ವಚನಗಳೇ ಇರುತ್ತಿರಲಿಲ್ಲ. ಉಳಿದರ್ಧ ಬೇರೆ ಕಡೆ ಕರೆದೊಯ್ಯುತ್ತದೆ. ಯಾವ ವಚನ ಯಾರದು, ಯಾವುದು ಮೊದಲು ಹುಟ್ಟಿತು, ಯಾವ ಸಾಲು ನಂತರ ಸೇರಿತು ಎಂಬ ಪ್ರಶ್ನೆಗಳು ವಿದ್ವಾಂಸರನ್ನು ಇಂದಿಗೂ ಕಾಡುತ್ತಿರುವುದು ಮೂಲದ ಕಟ್ಟು ಇಲ್ಲದ್ದರಿಂದಲೇ. ವಚನ ಬಾಯಿಂದ ಬಾಯಿಗೆ ಹೋಗಬಲ್ಲ ಮಾತು. ಅದು ಈ ನಷ್ಟವನ್ನು ತಾಳಿಕೊಂಡಿತು. ಎಲೆಯ ಚಿತ್ರವನ್ನೂ ಶಾಸನದ ಅಕ್ಷರವನ್ನೂ ಹೊತ್ತ ಪ್ರವಾಸ ಹಸ್ತಪ್ರತಿ ಬಾಯಿಪಾಠವಾಗಿ ಉಳಿಯಲಾರದು.

ಎರಡನೆಯ ಆಕ್ಷೇಪ ಟಿಬೆಟಿನ ಸಂಪ್ರದಾಯದ ಒಳಗಿನದು. ಅಲ್ಲಿ ಗ್ರಂಥವನ್ನು ಪ್ರತಿ ಮಾಡುವುದು, ಮರದ ಅಚ್ಚಿನಿಂದ ಮುದ್ರಿಸುವುದು ಪುಣ್ಯದ ಕೆಲಸ. ಲೇಖಕನ ಸ್ವಹಸ್ತದ ಹಾಳೆಯನ್ನು ವಿಶೇಷವಾಗಿ ಕಾಯ್ದಿಡುವುದು ಸಂಗ್ರಹಾಲಯಗಳ ಹೊಸ ಆಸೆ ಎಂದು ಹೇಳಬಹುದು. ಸೂತ್ರಗ್ರಂಥಗಳ ಮಟ್ಟಿಗೆ ಈ ಮಾತು ಒಪ್ಪತಕ್ಕದ್ದು. ಅವುಗಳ ಪಾಠ ಸ್ಥಿರವಾಗಿದೆ, ಪ್ರತಿ ಮಾಡುವವನ ಕೈ ಅಲ್ಲಿ ಮರೆಯಾಗಬೇಕು. ಪ್ರವಾಸಿಯ ಬರಹದಲ್ಲಿ ಹಾಗಲ್ಲ. ಅದು ನೋಡುತ್ತ, ಸಂದೇಹಪಡುತ್ತ, ತಿದ್ದಿಕೊಳ್ಳುತ್ತ ಬೆಳೆದ ಪಾಠ. ಹಿಂದಿನ ಯಾತ್ರಿಕರ ವರ್ಣನೆಗಳನ್ನು ಕಣ್ಣಾರೆ ಕಂಡದ್ದರೊಡನೆ ಹೋಲಿಸಿ ತಪ್ಪು ತೋರಿಸಿದ ಗೆಂದುನ್ ಅವರಂಥ ಲೇಖಕನಲ್ಲಿ ತಿದ್ದುಪಡಿಗಳೇ ವಿಚಾರದ ಇತಿಹಾಸ. ಅಲ್ಲದೆ ಅದೇ ಸಂಪ್ರದಾಯದಲ್ಲಿ ಗ್ರಂಥವನ್ನು ನೆಲಕ್ಕಿಡುವುದಿಲ್ಲ, ಬಟ್ಟೆಯಲ್ಲಿ ಸುತ್ತಿ ಎತ್ತರದಲ್ಲಿ ಇಡುತ್ತಾರೆ. ವಸ್ತುವನ್ನು ಕಡೆಗಣಿಸುವ ಪಾಠ ಅಲ್ಲಿಲ್ಲ.

ಮೂರನೆಯದು ಮೂಲಪೂಜೆಯ ಅಪಾಯ. ಮೂಡುಬಿದಿರೆಯ ಧವಲಾ ಎಂಬ ಜೈನ ಸಿದ್ಧಾಂತ ಗ್ರಂಥಗಳ ಕಥೆ ಇದಕ್ಕೆ ಸಾಕ್ಷಿ. 12ನೇ ಶತಮಾನದ ಆರಂಭದ್ದೆಂದು ಗುರುತಿಸಲಾದ ಆ ಚಿತ್ರಸಹಿತ ತಾಳೆಗರಿಗಳು ಬಹುಕಾಲ ದರ್ಶನದ ವಸ್ತುವಾಗಿ ಮಾತ್ರ ಉಳಿದವು, ಓದುವವರ ಕೈಗೆ ಸಿಗಲಿಲ್ಲ. 19ನೇ ಶತಮಾನದ ಕೊನೆಯಿಂದ ಪ್ರತಿಗಳಾದವು, 1939ರಿಂದ ಹೀರಾಲಾಲ್ ಜೈನ್ ಅವರ ಸಂಪಾದನೆಯಲ್ಲಿ ಅಮರಾವತಿಯಿಂದ ಮುದ್ರಣ ಆರಂಭವಾಯಿತು. ಆಗಲೇ ಸಿದ್ಧಾಂತ ಲೋಕಕ್ಕೆ ತಿಳಿದದ್ದು. ಓದಲು ಬಿಡದೆ ಕಾಯುವುದು ರಕ್ಷಣೆಯ ಅಣಕವಾಗುತ್ತದೆ ಎಂಬುದು ನಿಜ. ಆದರೆ ಅದೇ ಉದಾಹರಣೆ ಇನ್ನೊಂದನ್ನೂ ತೋರಿಸುತ್ತದೆ. ಮುದ್ರಣ ಸಿದ್ಧಾಂತವನ್ನು ಹಂಚಿತು; ಗರಿಯ ಮೇಲಿನ ಚಿತ್ರಗಳು ಮಾತ್ರ ಗರಿಯಲ್ಲೇ ಉಳಿದವು. ಕರ್ನಾಟಕದ ಅತಿ ಹಳೆಯ ಗ್ರಂಥಚಿತ್ರಗಳನ್ನು ಅಧ್ಯಯನ ಮಾಡುವವರು ಇಂದಿಗೂ ಮೂಲಕ್ಕೇ ಹೋಗಬೇಕು. ಅಂದಿನ ಕಾವಲುಗಾರರು ಹಂಚದೆ ತಪ್ಪು ಮಾಡಿರಬಹುದು, ಉಳಿಸಿ ಉಪಕಾರವನ್ನೂ ಮಾಡಿದರು.

ಡಿಜಿಟಲ್ ಚಿತ್ರ ಹಂಚಿಕೆ, ಉಳಿವು ಈ ಎರಡನ್ನೂ ಪೂರೈಸುತ್ತದೆ ಎಂಬುದು ನಾಲ್ಕನೆಯ ವಾದ. ಅದು ಅತ್ಯಗತ್ಯ ಸಾಧನ. ಮಳೆಸೀಮೆಯಲ್ಲಂತೂ ತಡ ಮಾಡುವಂತಿಲ್ಲ. ಆದರೆ ಛಾಯಾಚಿತ್ರಕಾರ ಯಾವುದನ್ನು ಮುಖ್ಯವೆಂದು ತಿಳಿದನೋ ಅಷ್ಟೇ ಅದರಲ್ಲಿ ಬರುತ್ತದೆ. ಖಾಲಿ ಬೆನ್ನುಪುಟ, ಸುತ್ತಿದ ಬಟ್ಟೆ, ಹೊಲಿಗೆಯ ತೂತು, ಇನ್ನೊಂದು ಮಸಿಯಲ್ಲಿ ಸೇರಿದ ದಿನಾಂಕ ಬಿಟ್ಟುಹೋಗುತ್ತವೆ. ಕಾಗದ ಬೇರಿನ ನಾರಿನದೋ ಬಿದಿರಿನದೋ ಎಂದು ಪರದೆ ತಿಳಿಸಲಾರದು. ನಾಳೆ ಹೊಸ ಪ್ರಶ್ನೆ ಕೇಳುವವರಿಗೆ ಉತ್ತರ ಕೊಡುವ ಶಕ್ತಿ ವಸ್ತುವಿನಲ್ಲಿ ಮಾತ್ರ ಇರುತ್ತದೆ.

ಸಂರಕ್ಷಣೆ

ಈ ವಿವೇಚನೆಯಿಂದ ಕೆಲಸದ ಕ್ರಮವೊಂದು ಹೊರಡುತ್ತದೆ. ಮೊದಲು ಪ್ರತಿ ಮಾಡಬೇಕು, ಏಕೆಂದರೆ ಗೆದ್ದಲು ಕಾಯುವುದಿಲ್ಲ. ಪ್ರತಿಯಲ್ಲಿ ಬರಹವನ್ನೂ ಚಿತ್ರವನ್ನೂ ಬೇರ್ಪಡಿಸದೆ ಹಾಳೆಯ ಕ್ರಮದಲ್ಲೇ ಇಡಬೇಕು, ಖಾಲಿ ಪುಟಗಳನ್ನೂ ಹೊದಿಕೆಯನ್ನೂ ಸೇರಿಸಬೇಕು. ಸೂಚಿಯಲ್ಲಿ ಲೇಖಕ ಮತ್ತು ವಿಷಯದ ಜೊತೆಗೆ ಕಾಗದ, ಮಸಿ, ಅಳತೆ, ತಿದ್ದುಪಡಿ ಹಾಗೂ ಕೈಬದಲಾದ ಇತಿಹಾಸ ನಮೂದಾಗಬೇಕು. ಪ್ರತಿಯಾದ ಮೇಲೆ ಮೂಲವನ್ನು ರದ್ದಿಗೆ ಹಾಕಬಾರದು. ಆಮ್ಲವಿಲ್ಲದ ಹೊದಿಕೆಯಲ್ಲಿ, ತೇವ ತಟ್ಟದ ಗಾಳಿಯಾಡುವ ಜಾಗದಲ್ಲಿ ಇಟ್ಟು ಪ್ರತಿ ಮಳೆಗಾಲದ ನಂತರ ಪರೀಕ್ಷಿಸಬೇಕು. ಗ್ರಂಥವನ್ನು ಗೌರವದಿಂದ ಸುತ್ತಿಡುವ ಪದ್ಧತಿ ಮುಂಡಗೋಡದ ವಿಹಾರಗಳಲ್ಲಿದೆ, ಕಾಗದದ ಗುಣದೋಷ ಬಲ್ಲ ಕುಶಲಿಗರು ದಾಂಡೇಲಿಯಲ್ಲಿದ್ದಾರೆ, ಮೂಲ ಕಳೆದುಹೋದರೆ ಆಗುವ ನಷ್ಟವನ್ನು ಉಳವಿಯ ಪರಂಪರೆ ಬಲ್ಲದು. ಶಾಲೆಯ ಚಿತ್ರಕಲಾ ಶಿಕ್ಷಕರ, ಅರಣ್ಯ ನೌಕರರ, ಭಿಕ್ಷುಗಳ ಕೈಬರಹದ ದಿನಚರಿಗಳು ಈ ಸೀಮೆಯ ಮನೆಗಳಲ್ಲಿ ಸಿಕ್ಕಿದಾಗ ಅವುಗಳಿಗೂ ಇದೇ ನಿಯಮ ಸಲ್ಲಬೇಕು. ಪ್ರಸಿದ್ಧರ ಹಾಳೆ ಮಾತ್ರ ಸಾಕ್ಷಿಯೆಂದು ತಿಳಿದರೆ ಒಂದು ಪ್ರದೇಶದ ನೋಟದ ಇತಿಹಾಸ ಎಂದೂ ಪೂರ್ಣವಾಗದು. ಲೇಖಕನ ಮಾತನ್ನು ಹಂಚುವುದು ಓದುಗರಿಗೆ ನಾವು ಸಲ್ಲಿಸಬೇಕಾದ ಋಣ. ಅವನ ಹಾಳೆಯನ್ನು ಉಳಿಸುವುದು ಮುಂದೆ ಪ್ರಶ್ನೆ ಕೇಳಲಿರುವವರಿಗೆ ಸಲ್ಲಿಸಬೇಕಾದ ಋಣ. ಒಂದನ್ನು ತೀರಿಸಿದ ಮಾತ್ರಕ್ಕೆ ಇನ್ನೊಂದು ತೀರುವುದಿಲ್ಲ.